ವೀರನಹೊಸಹಳ್ಳಿಯ ಎಕ್ಕದ ಚಿಟ್ಟೆ

ಮೈಸೂರು ಜಿಲ್ಲೆಯ ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಸಾಗುವ ಮಾರ್ಗದಲ್ಲಿ, ಬೇಸಾಯದ ಭೂಮಿ ಮುಗಿದು ಅರಣ್ಯವು ಆರಂಭವಾಗುವ ಎಡೆಯಲ್ಲಿ ವೀರನಹೊಸಹಳ್ಳಿ ಎಂಬ ಗ್ರಾಮವಿದೆ. ನಾಡಿನ ಬಹುಮಂದಿಗೆ ಈ ಹೆಸರು ಪರಿಚಿತವಾಗಿರುವುದು ದಸರೆಯ ಕಾರಣದಿಂದ. ಪ್ರತಿವರ್ಷ ಮಹೋತ್ಸವಕ್ಕೆ ಕೆಲವು ವಾರಗಳ ಮುನ್ನ ಆನೆಗಳಿಗೆ ಪೂಜೆ ಸಲ್ಲಿಸಿ ಮೈಸೂರಿಗೆ ಬೀಳ್ಕೊಡುವ ಗಜಪಯಣವು ಇಲ್ಲಿಂದಲೇ ಹೊರಡುವುದು ವಾಡಿಕೆ. ಮಾವುತರು, ಕಾವಾಡಿಗಳು, ಅವರ ಮಡದಿ ಮಕ್ಕಳು, ಮಂಗಳವಾದ್ಯ, ಮಂತ್ರಿಗಳು, ಪತ್ರಿಕೆಯವರು ಎಲ್ಲರೂ ಆ ಒಂದು ದಿನ ಸೇರುತ್ತಾರೆ. ಮರುದಿನ ಗ್ರಾಮವು ತನ್ನ ಎಂದಿನ ನಿಶ್ಶಬ್ದಕ್ಕೆ ಹಿಂದಿರುಗುತ್ತದೆ.

ಕಾರ್ತಿಕ ಮಾಸದಲ್ಲಿ ಇರ್ಪಿನ ರಾಮೇಶ್ವರನ ದರ್ಶನಕ್ಕೆಂದು ಎರಡು ಮನೆಯವರು ಕೂಡಿ ಹೊರಟಿದ್ದ ನಾವು ಹುಣಸೂರಿನ ದಾರಿಯನ್ನೇ ಆರಿಸಿಕೊಂಡೆವು. ಹುಣಸೂರು ಪಟ್ಟಣದ ಮಗ್ಗುಲಲ್ಲಿ ಹರಿಯುವ ಲಕ್ಷ್ಮಣತೀರ್ಥ ನದಿ ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಜಲಪಾತವಾಗಿ ಇಳಿದು, ಕಾಡು ದಾಟಿ ಇತ್ತ ಬರುತ್ತದೆ. ನದಿಯು ಇಳಿದು ಬಂದ ದಿಕ್ಕಿಗೆ ಎದುರಾಗಿ ನಾವು ಏರಿ ಹೋಗುವುದೆಂದು ಜೊತೆಯಲ್ಲಿದ್ದ ಹಿರಿಯರ ಅಭಿಲಾಷೆ. ಪಟ್ಟಣ ದಾಟುತ್ತಿದ್ದಂತೆ ಹೊಗೆಸೊಪ್ಪಿನ ಹೊಲಗಳು, ಎತ್ತರದ ಗೋಡೆಯ ಬ್ಯಾರನ್ನುಗಳು, ಒಣಗಿಸಲು ಒಟ್ಟಿದ ಸೌದೆ, ನಡುನಡುವೆ ರಾಗಿ, ಮುಸುಕಿನ ಜೋಳ, ಶುಂಠಿ ಕಾಣತೊಡಗುತ್ತವೆ. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಜೀವನವು ಬಹುಮಟ್ಟಿಗೆ ಈ ಹೊಗೆಸೊಪ್ಪಿನ ಹರಾಜುಕಟ್ಟೆಯನ್ನೇ ನೆಚ್ಚಿದೆ ಎಂಬುದನ್ನು ಇಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ.

ವೀರನಹೊಸಹಳ್ಳಿಯ ತನಿಖಾ ದ್ವಾರದ ಆಚೆಗೆ ತೇಗ, ಮತ್ತಿ, ನಂದಿ, ಹೊನ್ನೆ, ದಿಂಡುಗಗಳ ಕಾಡು. 1955ರಲ್ಲಿ ವನ್ಯಧಾಮವೆಂದು ಘೋಷಿತವಾಗಿ, 1988ರಲ್ಲಿ ವಿಸ್ತಾರಗೊಂಡು ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆಯ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರು. ಈ ದ್ವಾರದ ಬಳಿ ಬಂದವರ ಕಣ್ಣುಗಳೆಲ್ಲ ಹುಲಿಯನ್ನು ಅರಸುತ್ತಿರುತ್ತವೆ. ನಮ್ಮೊಡನಿದ್ದ ಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. ಆದರೆ ಅಂದು ನಮಗೆ ದೊರೆತುದು ಇನ್ನೊಂದು ಬಗೆಯ ಹುಲಿ. ಅದು ಕಾಡಿನ ಒಳಗಿರಲಿಲ್ಲ. ಆನೆಗಳನ್ನು ತಡೆಯಲು ತೋಡಿದ ಕಂದಕದ ಮಣ್ಣಿನ ದಿಬ್ಬದ ಮೇಲೆ, ಯಾರೂ ನೆಡದೆ ತಾನೇ ಬೆಳೆದ ಎಕ್ಕದ ಪೊದೆಗಳ ಸುತ್ತ ಹಾರಾಡುತ್ತಿತ್ತು.

ಇಂಗ್ಲಿಷಿನಲ್ಲಿ ಈ ಚಿಟ್ಟೆಗೆ ‘ಪ್ಲೇನ್ ಟೈಗರ್’ ಎಂದು ಹೆಸರು. ಉತ್ತರ ಕರ್ನಾಟಕದ ನಮ್ಮ ಓದುಗರು ಚಿಟ್ಟೆಯನ್ನು ಪಾತರಗಿತ್ತಿ ಎಂದು ಕರೆಯುತ್ತಾರೆ. ಮೈಸೂರು ಸೀಮೆಯ ಮಾತಿನಂತೆ ನಾವು ಈ ಲೇಖನದಲ್ಲಿ ಇದನ್ನು ಎಕ್ಕದ ಚಿಟ್ಟೆಯೆಂದೇ ಕರೆಯುತ್ತೇವೆ. ರೆಕ್ಕೆ ಬಿಚ್ಚಿದರೆ ಏಳೆಂಟು ಸೆಂಟಿಮೀಟರು ಅಗಲ. ಕಾವಿಗೆ ಹತ್ತಿರದ ಕಿತ್ತಳೆ ಬಣ್ಣ, ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನ ನಡುವೆ ಓರೆಯಾದ ಬಿಳಿಯ ಪಟ್ಟೆ, ಅಂಚಿನುದ್ದಕ್ಕೂ ಬಿಳಿಯ ಚುಕ್ಕೆಗಳ ಸಾಲು. ಹಿಂದಿನ ರೆಕ್ಕೆಯ ನಡುವೆ ಗಂಡಿಗೆ ನಾಲ್ಕು ಕಪ್ಪು ಕಲೆ, ಹೆಣ್ಣಿಗೆ ಮೂರು. ಇಷ್ಟನ್ನು ತಿಳಿದುಕೊಂಡರೆ ಮಕ್ಕಳೂ ಗಂಡು ಹೆಣ್ಣುಗಳನ್ನು ಗುರುತಿಸಬಲ್ಲರು. ಅಂದು ಅವರು ಅರ್ಧ ತಾಸು ಅದೇ ಲೆಕ್ಕದಲ್ಲಿ ಮಗ್ನರಾಗಿದ್ದರು.

ವಿಶೇಷವೇನೆಂದರೆ ಈ ಜೀವಿಯನ್ನು ಆಫ್ರಿಕದವರು ತಮ್ಮದೆಂದು ಹೇಳಿಕೊಳ್ಳುತ್ತಾರೆ. ಅಲ್ಲಿ ಇದಕ್ಕೆ ‘ಆಫ್ರಿಕನ್ ಕ್ವೀನ್’, ‘ಆಫ್ರಿಕನ್ ಮೊನಾರ್ಕ್’ ಎಂಬ ರಾಜಮರ್ಯಾದೆಯ ಹೆಸರುಗಳಿವೆ. ಆ ಖಂಡದ ಉಷ್ಣ ಪ್ರದೇಶಗಳ ಉದ್ದಗಲಕ್ಕೂ ಇದು ಹರಡಿದೆ. ಅರೇಬಿಯದ ಮರುಭೂಮಿಯ ಅಂಚು, ಮೆಡಿಟರೇನಿಯನ್ ಸಮುದ್ರದ ತೀರ, ಭಾರತ, ಸಿಂಹಳ, ಅಲ್ಲಿಂದಾಚೆಗೆ ಪೂರ್ವದ ದೇಶಗಳು, ಹೀಗೆ ಇದರ ನೆಲೆ ಬಹು ವಿಸ್ತಾರವಾದುದು. ಸ್ವೀಡನ್ನಿನ ವಿದ್ವಾಂಸ ಲಿನೇಯಸ್ 1758ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಈಗ ‘ಡನಾಯಸ್ ಕ್ರಿಸಿಪ್ಪಸ್’ ಎಂಬುದು ಬಳಕೆಯಲ್ಲಿರುವ ಹೆಸರು. ಅದಕ್ಕೂ ಮೂರು ಸಾವಿರ ವರ್ಷಗಳ ಹಿಂದೆಯೇ ಮನುಷ್ಯನು ಇದನ್ನು ಗಮನಿಸಿ ಚಿತ್ರಿಸಿದ್ದನೆಂಬುದು ಇನ್ನೂ ಸೋಜಿಗದ ಸಂಗತಿ. ಈಜಿಪ್ಟಿನ ಥೀಬ್ಸ್ ನಗರದಲ್ಲಿದ್ದ ನೆಬಮುನ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ, ಅವನು ಜೊಂಡಿನ ನಡುವೆ ಹಕ್ಕಿ ಬೇಟೆಯಾಡುತ್ತಿರುವ ವರ್ಣಚಿತ್ರವಿದೆ. ಸುಮಾರು 3400 ವರ್ಷಗಳಷ್ಟು ಹಳೆಯದಾದ ಆ ಚಿತ್ರವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಹಕ್ಕಿಗಳ ನಡುವೆ ಹಾರುವ ಚಿಟ್ಟೆಗಳು ಇವೇ ಎಂದು ಬಲ್ಲವರು ಗುರುತಿಸಿದ್ದಾರೆ. ನೈಲ್ ನದಿಯ ದಡದಲ್ಲಿ ಚಿತ್ರಗಾರನೊಬ್ಬನು ಕಂಡ ಆ ಕಪ್ಪು ತುದಿಯನ್ನು, ಆ ಬಿಳಿಯ ಓರೆಪಟ್ಟೆಯನ್ನು ನಾವು ಹನಗೋಡು ಸೀಮೆಯ ಕಂದಕದ ಮೇಲೆ ನಿಂತು ಕಂಡೆವು.

ಇಷ್ಟು ದೂರದ ದೇಶಗಳನ್ನು ಒಂದೇ ಜೀವಿಯು ವ್ಯಾಪಿಸಲು ಸಾಧ್ಯವಾದುದು ಹೇಗೆ? ಅದಕ್ಕೆ ಉತ್ತರ ಎಕ್ಕದ ಗಿಡದಲ್ಲಿದೆ.

ಎಕ್ಕಕ್ಕೆ ನಮ್ಮ ಜನಜೀವನದಲ್ಲಿ ಎರಡು ಮುಖ. ಶಿವಪೂಜೆಗೆ ಎಕ್ಕದ ಹೂ ಸಲ್ಲುತ್ತದೆ. ಬಿಳಿ ಎಕ್ಕವಾದರಂತೂ ಜನರು ಹುಡುಕಿಕೊಂಡು ಬರುತ್ತಾರೆ. ರಥಸಪ್ತಮಿಯ ಸ್ನಾನಕ್ಕೆ ಎಲೆ ಬೇಕು. ಮಂಡಿ ಹಿಡಿದವರು ಎಲೆಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿ ಕಟ್ಟುತ್ತಾರೆ. ಭತ್ತದ ಗದ್ದೆಗೆ ಎಕ್ಕದ ಸೊಪ್ಪನ್ನು ತುಳಿದು ಗೊಬ್ಬರ ಮಾಡುವುದು ಹಳೆಯ ಪದ್ಧತಿ. ಆದರೆ ಇದೇ ಸೀಮೆಯಲ್ಲಿ ಕೋಪ ಬಂದ ಹೆಂಗಸು ಹಾಕುವ ಶಾಪವೂ ಎಕ್ಕದ್ದೇ. ‘ನಿನ್ನ ಮನೆ ಎಕ್ಕುಟ್ಟೋಗ’ ಎಂದರೆ ಮನೆ ಹಾಳುಬಿದ್ದು ಅದರ ಮೇಲೆ ಎಕ್ಕ ಹುಟ್ಟಲಿ ಎಂದರ್ಥ. ಪಾಳುಬಿದ್ದ ಗೋಡೆ, ಸ್ಮಶಾನ, ತಿಪ್ಪೆಯ ಬದಿ, ರಸ್ತೆಯಂಚು, ಅಗೆದು ಬಿಟ್ಟ ಮಣ್ಣು, ಮನುಷ್ಯನು ಕೈಬಿಟ್ಟ ನೆಲವೆಲ್ಲ ಎಕ್ಕಕ್ಕೆ ಪ್ರಿಯವಾದುದು. ಸ್ಮಶಾನವಾಸಿಯಾದ ಶಿವನಿಗೆ ಅದರ ಹೂ ಒಪ್ಪಿತವಾದುದರಲ್ಲಿ ಒಂದು ಔಚಿತ್ಯವಿದೆಯೆಂದು ನಮಗೆ ತೋರುತ್ತದೆ.

ದನಕರುಗಳು ಈ ಗಿಡಕ್ಕೆ ಬಾಯಿ ಹಾಕುವುದಿಲ್ಲ. ಎಲೆ ಮುರಿದೊಡನೆ ಸುರಿಯುವ ಬಿಳಿಯ ಹಾಲಿನಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ. ನಾವು ಗಿಡದ ಬಳಿ ನಿಂತಿದ್ದುದನ್ನು ಕಂಡು ಪಕ್ಕದ ಹೊಲದಿಂದ ಬಂದ ವೃದ್ಧ ಯಜಮಾನರೊಬ್ಬರು ಮೊದಲು ಆಡಿದ ಮಾತೇ ಅದು: “ಮುಟ್‌ಬ್ಯಾಡ ಕಣ್ ಮಗ, ಹಾಲು ಕಣ್ಗೆ ಬಿದ್ರೆ ಕಣ್ಣೇ ಹೋಯ್ತದೆ.” ಅನಂತರ ಅವರೇ ಒಂದು ಎಲೆಯನ್ನು ಮೆಲ್ಲನೆ ಮಗುಚಿ ತೋರಿಸಿದರು. ಕೆಳಭಾಗದಲ್ಲಿ ಕಪ್ಪು, ಬಿಳುಪು, ಹಳದಿ ಪಟ್ಟೆಗಳ ಹುಳುವೊಂದು ನಿಶ್ಚಿಂತೆಯಿಂದ ಮೇಯುತ್ತಿತ್ತು. ಅದರ ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಕೊಂಬುಗಳು. “ದನ ಮುಟ್ಟಾಕಿಲ್ಲ, ಆಡು ಮುಟ್ಟಾಕಿಲ್ಲ. ಈ ಹುಳ ಒಂದ್ಕೆ ಅದೇ ಮೃಷ್ಟಾನ್ನ ಸ್ವಾಮಿ” ಎಂದು ನಕ್ಕರು.

ಯಜಮಾನರ ಮಾತಿನಲ್ಲಿ ಶಾಸ್ತ್ರವೇ ಅಡಗಿದೆ. ತಾಯಿ ಚಿಟ್ಟೆ ಎಲೆಯ ಕೆಳಗೆ ಒಂದೊಂದಾಗಿ, ಮುತ್ತಿನ ಹರಳಿನಂತಹ ಮೊಟ್ಟೆಗಳನ್ನು ಇಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೊರಬರುವ ಮರಿ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದು, ಬಳಿಕ ಎಲೆಗೆ ಬಾಯಿ ಹಚ್ಚುತ್ತದೆ. ಎರಡು ವಾರಗಳ ಕಾಲ ಅದಕ್ಕೆ ತಿನ್ನುವುದೊಂದೇ ಕಾಯಕ. ಎಲೆಯೊಡನೆ ಸೇರಿದ ವಿಷವನ್ನು ಅದು ಅರಗಿಸಿ ಹೊರಹಾಕುವುದಿಲ್ಲ. ತನ್ನ ದೇಹದಲ್ಲಿಯೇ ಸಂಗ್ರಹಿಸಿಟ್ಟುಕೊಳ್ಳುತ್ತದೆ. ಹುಳು ಕೋಶವಾಗಿ, ಕೋಶ ಚಿಟ್ಟೆಯಾದರೂ ವಿಷ ಉಳಿಯುತ್ತದೆ. ಒಮ್ಮೆ ಈ ಚಿಟ್ಟೆಯನ್ನು ಕಚ್ಚಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬಾರದು. ಇದರ ಸೋದರ ಸಂಬಂಧಿಯಾದ ಅಮೆರಿಕದ ಮೊನಾರ್ಕ್ ಚಿಟ್ಟೆಯನ್ನು ತಿಂದ ನೀಲಿ ಜೇ ಹಕ್ಕಿಗಳು ವಾಂತಿ ಮಾಡಿಕೊಂಡು, ಮುಂದೆ ಅದನ್ನು ಕಂಡರೇ ಹಿಂಜರಿಯುವುದನ್ನು ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಪ್ರಯೋಗಮಾಡಿ ತೋರಿಸಿಕೊಟ್ಟರು. ಎಕ್ಕದ ಚಿಟ್ಟೆ ಅಷ್ಟು ನಿಧಾನವಾಗಿ, ಯಾರ ಭಯವೂ ಇಲ್ಲದಂತೆ, ಅಲೆಯ ಮೇಲೆ ತೇಲಿದಂತೆ ಹಾರುವುದು ಈ ಕಾರಣದಿಂದಲೇ. ಮೈ ಚರ್ಮದಂತೆ ಗಟ್ಟಿ. ಕೊಕ್ಕಿನಲ್ಲಿ ಸಿಕ್ಕರೂ ಹಕ್ಕಿ ಉಗುಳಿದರೆ ಸಾಕು, ಕೊಡವಿಕೊಂಡು ಎದ್ದು ಹಾರುತ್ತದೆ.

ಇದರಲ್ಲೂ ಒಂದು ತಮಾಷೆಯಿದೆ. ತಿಂದ ಗಿಡವನ್ನು ಅನುಸರಿಸಿ ವಿಷದ ಪ್ರಮಾಣ ಹೆಚ್ಚು ಕಡಿಮೆಯಾಗುತ್ತದೆ. ಕೆಲವು ಚಿಟ್ಟೆಗಳಲ್ಲಿ ಅದು ಇಲ್ಲವೆಂಬಷ್ಟು ಅಲ್ಪ. ಅಂಥವು ತಮ್ಮ ಬಳಗದ ಹೆಸರಿನ ಬಲದಿಂದಲೇ ಬದುಕುತ್ತವೆ. ದೊಡ್ಡ ಮನೆತನದ ಹೆಸರು ಹೇಳಿಕೊಂಡು ಓಡಾಡುವವರು ನಮ್ಮಲ್ಲಿಯೂ ಇಲ್ಲವೇ?

ಆಫ್ರಿಕದಲ್ಲಿ ಎಕ್ಕದ ಇನ್ನೊಂದು ಪ್ರಭೇದವೂ ಅದೇ ಕುಟುಂಬದ ಬೇರೆ ಹಾಲುಗಿಡಗಳೂ ಈ ಚಿಟ್ಟೆಯನ್ನು ಸಾಕುತ್ತವೆ. ನಮ್ಮ ನಾಡಿನ ದೊಡ್ಡ ಎಕ್ಕ ಭಾರತ ಮತ್ತು ಪೂರ್ವದೇಶಗಳದು; ಆಫ್ರಿಕ, ಅರೇಬಿಯ, ವಾಯವ್ಯ ಭಾರತದ ಒಣನೆಲಗಳಲ್ಲಿ ಬೆಳೆಯುವ ಎಕ್ಕ ಬೇರೆ. ಎರಡರ ಹಾಲೂ ಒಂದೇ ಬಗೆಯದು. ಮನುಷ್ಯ ಬಿಟ್ಟ ಬರಡು ನೆಲದಲ್ಲೆಲ್ಲ ಹಾಲುಗಿಡ ಹುಟ್ಟುವುದರಿಂದ, ಅದನ್ನು ನಂಬಿದ ಚಿಟ್ಟೆಗೆ ಎರಡು ಖಂಡಗಳಲ್ಲೂ ಅನ್ನಕ್ಕೆ ಕೊರತೆಯಿಲ್ಲದಾಯಿತು. ದಟ್ಟವಾದ ಕಾಡು ಇದಕ್ಕೆ ಬೇಡ. ಬಿಸಿಲು ಬೀಳುವ ಬಯಲು ಬೇಕು. ಆದ್ದರಿಂದಲೇ ವೀರನಹೊಸಹಳ್ಳಿಯಲ್ಲಿ ಇದು ದ್ವಾರದ ಈಚೆಗೆ, ಊರಿನ ಕಡೆಗೆ ನೆಲಸಿದೆ. ಕಾಡಿನ ಹುಲಿಗೆ ಸರ್ಕಾರದ ಕಾವಲಿದೆ. ಈ ಹುಲಿಗೆ ರೈತನ ಬದುವೇ ಗತಿ.

ಹುಳುವು ಚಿಟ್ಟೆಯಾಗುವ ಪ್ರಸಂಗ ಬಂದಾಗ ನಮ್ಮ ಓದುಗರಿಗೆ ಭ್ರಮರಕೀಟನ್ಯಾಯ ನೆನಪಾಗದೆ ಇರದು. ಕೀಟವು ಭ್ರಮರವನ್ನೇ ಸದಾ ಧ್ಯಾನಿಸಿ ಭ್ರಮರವಾಗುವಂತೆ, ಭಕ್ತನು ಲಿಂಗವನ್ನು ನೆನೆದು ಲಿಂಗವೇ ಆಗುವನೆಂದು ಪ್ರವಚನಗಳಲ್ಲಿ ಕೇಳಿದ್ದೇವೆ. ಕೀಡಿಯು ಕುಂಡಲಿಯಾಗುವ ಉಪಮೆ ಶರಣರ ವಚನಗಳಲ್ಲಿಯೂ ಬರುತ್ತದೆ. ಲೋಕದಲ್ಲಿ ನಡೆಯುವುದು ಬೇರೆ. ಮಣ್ಣಿನ ಗೂಡು ಕಟ್ಟುವ ಕಣಜವು ಹುಳುವನ್ನು ಕುಟುಕಿ, ನಿಶ್ಚೇಷ್ಟಗೊಳಿಸಿ, ತನ್ನ ಮೊಟ್ಟೆಯೊಡನೆ ಗೂಡಿನಲ್ಲಿಟ್ಟು ಬಾಯಿ ಮುಚ್ಚುತ್ತದೆ. ಕಣಜದ ಮರಿ ಆ ಹುಳುವನ್ನು ತಿಂದು ಬೆಳೆದು ಹೊರಬರುತ್ತದೆ. ನೋಡಿದವರು ಹುಳುವೇ ಕಣಜವಾಯಿತೆಂದು ಭಾವಿಸಿದರು. ಇದನ್ನು ತಿಳಿದ ಮಾತ್ರಕ್ಕೆ ಉಪಮೆಯ ಅರ್ಥವು ಕುಂದುವುದಿಲ್ಲ. ಉಪಮೆಯನ್ನು ಕೊಟ್ಟವರು ಪ್ರಾಣಿಶಾಸ್ತ್ರವನ್ನು ಬೋಧಿಸಲು ಹೊರಟವರಲ್ಲ. ಆದರೆ ಮಕ್ಕಳಿಗೆ ನಿಜವಾದ ರೂಪಾಂತರವನ್ನು ಕಣ್ಣಾರೆ ತೋರಿಸಬೇಕೆಂದರೆ ಎಕ್ಕದ ಎಲೆಯ ಕೆಳಗಣ ಈ ಹುಳುವಿಗಿಂತ ಉತ್ತಮ ನಿದರ್ಶನ ದೊರೆಯದು. ಇಲ್ಲಿ ಹುಳುವೇ ಚಿಟ್ಟೆಯಾಗುತ್ತದೆ, ಬೇರೆ ಯಾರೂ ಅದನ್ನು ತಿಂದು ಹೊರಬರುವುದಿಲ್ಲ.

ತಿಂದು ಬೆಳೆದ ಹುಳು ಒಂದು ದಿನ ಮೇಯುವುದನ್ನು ನಿಲ್ಲಿಸಿ, ಎಲೆಗೋ ಕಡ್ಡಿಗೋ ರೇಷ್ಮೆಯ ಗುಬುಟನ್ನು ಹೆಣೆದು ತಲೆಕೆಳಗಾಗಿ ನೇತುಬೀಳುತ್ತದೆ. ಮೈಯ ಪಟ್ಟೆಗಳ ಚರ್ಮ ಸುಲಿದು ಜಾರಿಹೋದ ಮೇಲೆ ಉಳಿಯುವುದು ನಯವಾದ ಒಂದು ಕೋಶ. ಸುತ್ತಣ ಆವರಣಕ್ಕೆ ತಕ್ಕಂತೆ ಅದು ಹಸಿರಾಗಿರಬಹುದು, ನಸುಗೆಂಪಾಗಿಯೂ ಇರಬಹುದು. ಅದರ ನಡುವೆ ಹೊನ್ನಿನ ಚುಕ್ಕೆಗಳ ಸಾಲು. ಅಕ್ಕಸಾಲಿಗನು ಕೂರಿಸಿದನೋ ಎಂಬಂತೆ. ಹತ್ತು ಹನ್ನೆರಡು ದಿನಗಳಲ್ಲಿ ಕೋಶ ತಿಳಿಯಾಗಿ ಒಳಗಿನ ಕಿತ್ತಳೆ ಬಣ್ಣ ಕಾಣುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಒಂದು ತಿಂಗಳೊಳಗೆ ಎಲ್ಲವೂ ಮುಗಿಯುತ್ತದೆ. ಎಲ್ಲ ಹುಳುಗಳಿಗೂ ಈ ಭಾಗ್ಯವಿಲ್ಲ. ಕೆಲವು ಬಗೆಯ ನೊಣಗಳೂ ಸಣ್ಣ ಕಣಜಗಳೂ ಹುಳುವಿನ ಮೈಯಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಮುಂದೆ ಎಕ್ಕದ ವಿಷವೂ ನಿಷ್ಫಲ.

ಎಕ್ಕದ ಹೂವಿನ ಕಡೆಗೆ ತಿರುಗಿದರೆ ಅಲ್ಲಿ ನಿಜವಾದ ಭ್ರಮರವೂ ಇದೆ. ಮರವನ್ನು ಕೊರೆದು ಗೂಡು ಮಾಡುವ ಕಪ್ಪು ದುಂಬಿ ಈ ಗಿಡದ ಪರಾಗಸ್ಪರ್ಶಕ್ಕೆ ಮುಖ್ಯ ಕಾರಣ. ಹೂವಿನ ರಚನೆ ಎಷ್ಟು ಬಿಗಿಯೆಂದರೆ ಬಲವಾದ ದುಂಬಿಯ ಕಾಲಿಗೆ ಮಾತ್ರ ಪರಾಗದ ಗಂಟು ಅಂಟಿ ಬರುತ್ತದೆ. ಎಲೆಯ ಕೆಳಗೆ ಕೀಟ, ಹೂವಿನ ಮೇಲೆ ಭ್ರಮರ. ಒಂದೇ ಗಿಡದಲ್ಲಿ ಎರಡೂ ಇದ್ದುದನ್ನು ಕಂಡು ನಮ್ಮೊಡನಿದ್ದ ಹಿರಿಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಎಕ್ಕದ ಚಿಟ್ಟೆಯ ವೇಷವನ್ನು ಧರಿಸುವ ಇನ್ನೊಂದು ಚಿಟ್ಟೆಯ ವಿಚಾರವನ್ನು ಇಲ್ಲಿ ಹೇಳಲೇಬೇಕು. ಅದು ಹೊಲ ಹಿತ್ತಲುಗಳಲ್ಲಿ ತಾನಾಗಿ ಬೆಳೆಯುವ ಗೋಣಿಸೊಪ್ಪನ್ನು ತಿಂದು ಬೆಳೆಯುತ್ತದೆ. ನಾವೇ ಸಾರು ಮಾಡಿ ಉಣ್ಣುವ ಸೊಪ್ಪಿನಲ್ಲಿ ವಿಷವೆಲ್ಲಿಂದ ಬರಬೇಕು? ಹಕ್ಕಿಗೆ ಅದು ರುಚಿಯಾದ ತುತ್ತು. ಆದುದರಿಂದ ಅದರ ಹೆಣ್ಣು ಎಕ್ಕದ ಚಿಟ್ಟೆಯ ಕಿತ್ತಳೆ, ಕಪ್ಪು, ಬಿಳಿಯ ಪಟ್ಟೆಗಳನ್ನೆಲ್ಲ ಹಾಗೆಯೇ ಪಡೆದುಕೊಂಡು ವಿಷವುಳ್ಳದ್ದೆಂಬ ಭ್ರಮೆ ಹುಟ್ಟಿಸುತ್ತದೆ. ಗಂಡು ಮಾತ್ರ ಈ ವೇಷ ಹಾಕುವುದಿಲ್ಲ. ಅದು ಕಪ್ಪು ರೆಕ್ಕೆಯ ಮೇಲೆ ನೀಲಿಯಂಚಿನ ದೊಡ್ಡ ಬಿಳಿಯ ಬೊಟ್ಟುಗಳುಳ್ಳದ್ದು. ಎರಡೂ ಒಂದೇ ಜಾತಿಯವೆಂದು ಮೊದಲ ನೋಟಕ್ಕೆ ಯಾರೂ ನಂಬಲಾರರು. ಇಂತಹ ಅನುಕರಣೆಯನ್ನು ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಆಂಗ್ಲ ವಿಜ್ಞಾನಿ ಅಮೆಜಾನ್ ಕಾಡಿನ ಚಿಟ್ಟೆಗಳ ಆಧಾರದಿಂದ 1862ರಲ್ಲಿ ವಿವರಿಸಿದನು. ಅಮೆಜಾನಿನವರೆಗೆ ಹೋಗಬೇಕಾಗಿಲ್ಲ, ನಮ್ಮ ಹಿತ್ತಲಿನ ಗೋಣಿಸೊಪ್ಪಿನ ಮಡಿ ಸಾಕು.

ಆಫ್ರಿಕದಲ್ಲಿ ಈ ನಾಟಕ ಇನ್ನೂ ಜಟಿಲ. ಅಲ್ಲಿ ಎಕ್ಕದ ಚಿಟ್ಟೆಗೆ ಒಂದೇ ರೂಪವಿಲ್ಲ. ಪಶ್ಚಿಮದಲ್ಲಿ ಹಿಂದಿನ ರೆಕ್ಕೆ ಬಿಳುಪಾದವು, ಈಶಾನ್ಯದಲ್ಲಿ ಮುಂದಿನ ರೆಕ್ಕೆಗೆ ಕಪ್ಪು ತುದಿಯೇ ಇಲ್ಲದವು, ದಕ್ಷಿಣದಲ್ಲಿ ನಮ್ಮವನ್ನು ಹೋಲುವಂಥವು ಇವೆ. ಅದಕ್ಕೆ ತಕ್ಕಂತೆ ವೇಷಧಾರಿಯ ಹೆಣ್ಣುಗಳಲ್ಲಿಯೂ ಕಪ್ಪು ತುದಿಯಿಲ್ಲದ ರೂಪ ಕಾಣುತ್ತದೆ. ಈ ರೂಪಗಳೆಲ್ಲ ಪೂರ್ವ ಆಫ್ರಿಕದಲ್ಲಿ, ನೈರೋಬಿಯ ಸುತ್ತಮುತ್ತಲ ಸೀಮೆಯಲ್ಲಿ ಒಂದನ್ನೊಂದು ಸಂಧಿಸಿ ಬೆರೆಯುತ್ತವೆ. ಅಲ್ಲಿ ಒಂದು ಕರುಣಾಜನಕ ಸಂಗತಿಯೂ ಪತ್ತೆಯಾಗಿದೆ. ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯವು ತಾಯಿಯಿಂದ ಮೊಟ್ಟೆಗೆ ಹರಿದು, ಗಂಡು ಮೊಟ್ಟೆಗಳನ್ನೆಲ್ಲ ಕೊಂದುಬಿಡುತ್ತದೆ. ಅಂತಹ ತಾಯಿಯ ಸಂತಾನವೆಲ್ಲ ಹೆಣ್ಣೇ. ಸತ್ತ ಸೋದರರ ಮೊಟ್ಟೆಗಳು ಹೊಸದಾಗಿ ಹುಟ್ಟಿದ ಸೋದರಿಯರಿಗೆ ಆಹಾರವಾಗುವುದೂ ಉಂಟು. ಹೊರಗಿನಿಂದ ವಲಸೆ ಬರುವ ಗಂಡುಗಳಿಂದಲೇ ಅಲ್ಲಿಯ ಬಳಗ ಮುಂದುವರಿಯಬೇಕು. ಗಂಡು ಸಂತಾನಕ್ಕಾಗಿ ಹರಕೆ ಹೊರುವ ನಮ್ಮ ಸಮಾಜದ ಕಥೆಗೆ ಇದು ತಿರುಗಾದ ಕಥೆ. ಹೆಣ್ಣುಮಕ್ಕಳು ಇದನ್ನು ಕೇಳಿ ನಕ್ಕದ್ದು ಸಹಜವೇ ಆಗಿತ್ತು.

ನಾಗರಹೊಳೆಯ ಕಾಡಿನೊಳಗೂ ಈ ಚಿಟ್ಟೆಯ ಬಂಧುಗಳಿವೆ. ಕಡುನೀಲಿ ಪಟ್ಟೆಯವು, ಕಪ್ಪು ಕಾಗೆಬಣ್ಣದವು. ಅವು ಮುಂಗಾರು ಘಟ್ಟವನ್ನು ಏರುವ ಮುನ್ನ ಮಲೆನಾಡನ್ನು ಬಿಟ್ಟು ಲಕ್ಷೋಪಲಕ್ಷವಾಗಿ ಪೂರ್ವದ ಬಯಲುಸೀಮೆಗೆ ವಲಸೆ ಹೋಗುತ್ತವೆ. ಮಳೆ ತಗ್ಗಿದ ಮೇಲೆ ಹಿಂದಿರುಗುತ್ತವೆ. ಮೈಸೂರು, ಬೆಂಗಳೂರುಗಳ ಮೇಲೆ ಅವು ಸಾಲುಗಟ್ಟಿ ಹಾದುಹೋಗುವುದನ್ನು ಕಂಡವರಿದ್ದಾರೆ. ಎಕ್ಕದ ಚಿಟ್ಟೆ ಆ ಮಹಾಯಾತ್ರೆಯ ಮುಖ್ಯ ಯಾತ್ರಿಕನಲ್ಲ. ಅದು ವರ್ಷವಿಡೀ ಊರಿನ ಮಗ್ಗುಲಲ್ಲೇ ಇರುವ ನೆರೆಯವನು. ಆದರೆ ಒಂದು ಚಪಲ ಈ ಬಳಗಕ್ಕೆಲ್ಲ ಸಮಾನ. ಹೊಲದ ಬದುವಿನ ಗಿಲಕಿ ಗಿಡ, ಚೇಳುಕೊಂಡಿ ಗಿಡ ಒಣಗಿದಾಗ ಗಂಡು ಚಿಟ್ಟೆಗಳು ಬಂದು ಮುತ್ತಿ, ಅದರ ರಸವನ್ನು ಹೀರುತ್ತವೆ. ಹೆಣ್ಣನ್ನು ಒಲಿಸಿಕೊಳ್ಳುವ ಪರಿಮಳವನ್ನು ಸಿದ್ಧಪಡಿಸಲು ಅವಕ್ಕೆ ಆ ಗಿಡದ ಸಾರವೇ ಬೇಕು. ನಾವು ಕಳೆಯೆಂದು ಕಿತ್ತೆಸೆಯುವುದು ಅವುಗಳಿಗೆ ಮದುವೆಯ ಗಂಧ.

ಈ ಮಾತು ಬಂದಾಗ ಯಜಮಾನರ ಮುಖ ಗಂಭೀರವಾಯಿತು. ಮೊದಲೆಲ್ಲ ತಮ್ಮ ಹೊಲದ ನಾಲ್ಕು ಬದುಗಳಲ್ಲಿಯೂ ಎಕ್ಕವಿತ್ತು, ಗದ್ದೆಗೆ ಬೇಕಾದಷ್ಟು ಸೊಪ್ಪು ಅಲ್ಲಿಯೇ ಸಿಗುತ್ತಿತ್ತು ಎಂದರು. ಗೊಬ್ಬರದ ಚೀಲ ಬಂದ ಮೇಲೆ ಸೊಪ್ಪು ತುಳಿಯುವವರಿಲ್ಲ. ಕೂಲಿಯಾಳು ಸಿಕ್ಕುವುದು ಕಷ್ಟವಾಗಿ, ಬದುವಿನ ಕಳೆಗೆ ಮಕ್ಕಳು ಔಷಧಿ ಹೊಡೆಯಲು ಆರಂಭಿಸಿದರು. ಒಂದು ವಾರದಲ್ಲಿ ಬದು ಕೆಂಪಗೆ ಒಣಗುತ್ತದೆ. ಹೊಗೆಸೊಪ್ಪಿನ ಎಲೆ ತಿನ್ನುವ ಹುಳುವಿಗೆ ಹೊಡೆಯುವ ಔಷಧಿಯೂ ಗಾಳಿಗೆ ತೇಲಿ ಬದುವಿನ ಮೇಲೆಯೇ ಬೀಳುತ್ತದೆ. “ಬ್ಯಾಡ ಅಂದ್ರೆ ಕೇಳೋರ್ ಯಾರು ಸ್ವಾಮಿ? ಅವ್ರ ಕಷ್ಟ ಅವ್ರಿಗೆ” ಎಂದರು. ಅವರ ಮಾತಿನಲ್ಲಿ ಮಕ್ಕಳ ಮೇಲೆ ದೂರಿರಲಿಲ್ಲ. ಆನೆ ಬಂದು ಒಂದೇ ರಾತ್ರಿಯಲ್ಲಿ ಜೋಳವನ್ನು ತುಳಿದು ಹೋಗುವ ಊರಿನಲ್ಲಿ, ಬ್ಯಾಂಕಿನ ಸಾಲ ತಲೆಯ ಮೇಲಿರುವಾಗ, ಎಕ್ಕದ ಮೇಲಿನ ಹುಳುವನ್ನು ಉಳಿಸೆಂದು ಪಟ್ಟಣದಿಂದ ಬಂದ ನಾವು ಉಪದೇಶಿಸುವುದು ಸುಲಭ. ನಾವು ಉಪದೇಶಿಸಲಿಲ್ಲ.

ಎಕ್ಕದ ಚಿಟ್ಟೆ ಅಳಿವಿನ ಅಂಚಿನಲ್ಲಿರುವ ಜೀವಿಯಲ್ಲ. ಹಾಗೆಂದು ಬರೆದು ಓದುಗರನ್ನು ಬೆದರಿಸುವುದು ಸರಿಯಾಗದು. ಎರಡು ಖಂಡಗಳಲ್ಲಿ ಹರಡಿರುವ, ಮೂರು ಸಾವಿರ ವರ್ಷಗಳ ಹಿಂದೆಯೂ ಇದ್ದ ಇದು ನಾಳೆ ಮಾಯವಾಗುವುದಿಲ್ಲ. ಆದರೆ ಒಂದು ಊರಿನಿಂದ ಹೋಗಬಹುದು, ಒಂದು ಬದುವಿನಿಂದ ಹೋಗಬಹುದು. ಬಸವಳಿದ ಎಲೆಯ ಕೆಳಗೆ ಪಟ್ಟೆಯ ಹುಳುವನ್ನು ಮೊಮ್ಮಗನಿಗೆ ತೋರಿಸಲಾಗದ ಅಜ್ಜನಿಗೆ, ಕೆನ್ಯಾದಲ್ಲಿ ಅದು ಹೇರಳವಾಗಿದೆಯೆಂಬ ಸುದ್ದಿಯಿಂದ ಆಗುವ ಪ್ರಯೋಜನವಾದರೂ ಏನು? ಅಪರೂಪದ ಜೀವಿಗಳಿಗೆ ಕಾಯಿದೆಯಿದೆ, ಉದ್ಯಾನಗಳಿವೆ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2006ರಲ್ಲಿ ಚಿಟ್ಟೆಗಳಿಗೆಂದೇ ಒಂದು ಉದ್ಯಾನವನ್ನು ತೆರೆಯಲಾಯಿತು. ಸಾಮಾನ್ಯವಾದ ಜೀವಿಗೆ ಇರುವುದು ಜನರ ಮನಸ್ಸು ಮಾತ್ರ.

ಪೂಜೆಗೆ ಹೂ ಕೊಯ್ಯುವ ನಮ್ಮ ಮನೆಗಳವರಿಗೆ ಈ ವಿಚಾರ ಇನ್ನೂ ಹತ್ತಿರದ್ದು. ಎಕ್ಕದ ಹೂವನ್ನು ಬಿಡಿಸುವಾಗ ಹಲವರು ಇಡೀ ಕೊಂಬೆಯನ್ನೇ ಮುರಿದು ತರುತ್ತಾರೆ. ಹಬ್ಬದ ಮುನ್ನಾದಿನ ಮಾರುಕಟ್ಟೆಗೆ ಬರುವ ಎಕ್ಕದ ಕಂತೆಗಳಲ್ಲಿ ಎಲೆಯೊಡನೆ ಹುಳುಗಳೂ ಕೋಶಗಳೂ ಬಂದು ಒಣಗುತ್ತವೆ. ಜುಲೈಯಿಂದ ಡಿಸೆಂಬರಿನವರೆಗೆ ಮಳೆ ಹಸಿರಿನ ತಿಂಗಳುಗಳಲ್ಲಿ ಎಲೆಯ ಕೆಳಭಾಗವನ್ನು ಒಮ್ಮೆ ಮಗುಚಿ ನೋಡಿ, ಹೂಗೊಂಚಲನ್ನಷ್ಟೇ ಬಿಡಿಸಿಕೊಂಡರೆ ಪೂಜೆಗೂ ಕೊರತೆಯಿಲ್ಲ, ಗಿಡಕ್ಕೂ ನಷ್ಟವಿಲ್ಲ. ಹಾಲು ಕೈಗೆ ಅಂಟಿದರೆ ಕಣ್ಣು ಮುಟ್ಟುವ ಮುನ್ನ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಚಿಕ್ಕ ಮಕ್ಕಳ ಕೈಗೆ ಕೊಡಲೇಬಾರದು. ಅಂಗಳದ ಮೂಲೆಯಲ್ಲಿ ಒಂದು ಎಕ್ಕವನ್ನು ಉಳಿಸಿಕೊಂಡವರು ಹುಳುವಿಗೆ ಬೇರೆ ಏನನ್ನೂ ಉಣಿಸಬೇಕಾಗಿಲ್ಲ. ತಾಯಿ ಚಿಟ್ಟೆಯು ವಾಸನೆ ಹಿಡಿದು ತಾನಾಗಿ ಬರುತ್ತದೆ. ಹುಳು ಎಲೆಗಳನ್ನೆಲ್ಲ ತಿಂದು ಗಿಡ ಬರಿದಾಯಿತೆಂದು ಗಾಬರಿಪಡಬೇಕಾಗಿಲ್ಲ. ಎಕ್ಕವು ಹದಿನೈದು ದಿನಗಳಲ್ಲಿ ಮತ್ತೆ ಚಿಗುರುತ್ತದೆ.

ಬಿಸಿಲೇರುತ್ತಿತ್ತು. ಇರುಳು ಕಾಡಿನ ರಸ್ತೆಯನ್ನು ಮುಚ್ಚುವುದರಿಂದ ಇರ್ಪನ್ನು ಹೊತ್ತಿರುವಾಗಲೇ ಸೇರಬೇಕಾಗಿತ್ತು. ಹೊರಡುವ ಮುನ್ನ ಯಜಮಾನರು ನಮ್ಮನ್ನು ಹೊಲದ ಮೂಲೆಯ ಪಂಪುಮನೆಯ ಹಿಂದಕ್ಕೆ ಕರೆದ್ದೊಯ್ದರು. ಅಲ್ಲಿ ನಾಲ್ಕು ಬಿಳಿ ಎಕ್ಕದ ಗಿಡಗಳಿದ್ದವು. ಶಿವರಾತ್ರಿಗೆ ಹೂ ಬೇಕೆಂದು ಹಟ ಹಿಡಿದು, ಅಲ್ಲಿಗೆ ಮಾತ್ರ ಔಷಧಿ ಹೊಡೆಯಕೂಡದೆಂದು ಮಗನಿಂದ ಮಾತು ತೆಗೆದುಕೊಂಡಿದ್ದಾರಂತೆ. ಗಿಡಗಳ ನಡುವೆ ಒಂದು ತೊಲೆಯ ಅಡಿಯಲ್ಲಿ ಹಸಿರು ಕೋಶವೊಂದು ಹೊನ್ನಿನ ಚುಕ್ಕೆಗಳೊಡನೆ ತೂಗುತ್ತಿತ್ತು. ಇನ್ನೆರಡು ದಿನಕ್ಕೆ ಒಡೆಯುತ್ತದೆಂದು ಅವರು ಹೇಳಿದರು.